ಷೇರು ಕ್ರೋಡೀಕರಣ: ಸಂಖ್ಯೆಗಿಂತ ಪಾಲು ಮುಖ್ಯ

ಕಂಪನಿಯೊಂದು ತನ್ನ ಹಲವು ಷೇರುಗಳನ್ನು ಕೂಡಿಸಿ ಒಂದಾಗಿ ಮಾಡುವುದಕ್ಕೆ ಷೇರು ಕ್ರೋಡೀಕರಣ ಎನ್ನುತ್ತಾರೆ. ದಲ್ಲಾಳಿಗಳ ಬಾಯಲ್ಲಿ ಇದು ರಿವರ್ಸ್ ಸ್ಪ್ಲಿಟ್. ಹತ್ತಕ್ಕೆ ಒಂದರಂತೆ ಎಂದು ತೀರ್ಮಾನವಾದರೆ ಡಿಮ್ಯಾಟ್ ಖಾತೆಯಲ್ಲಿದ್ದ 10,000 ಷೇರುಗಳು 1,000 ಆಗುತ್ತವೆ. ₹1 ಇದ್ದ ಮುಖಬೆಲೆ, ಅಂದರೆ ಕಂಪನಿಯ ದಾಖಲೆಯಲ್ಲಿ ಷೇರಿಗೆ ಗೊತ್ತುಮಾಡಿದ ಬೆಲೆ, ₹10 ಆಗುತ್ತದೆ. ಪೇಟೆಯಲ್ಲಿ ₹2ಕ್ಕೆ ಸಿಗುತ್ತಿದ್ದ ಷೇರು, ಲೆಕ್ಕದ ಪ್ರಕಾರ, ₹20ಕ್ಕೆ ಏರುತ್ತದೆ. ಹೂಡಿಕೆಯ ಮೌಲ್ಯ ಮೊದಲೂ ₹20,000, ಆಮೇಲೂ ₹20,000.

ಷೇರಿನ ಸಂಖ್ಯೆ ಬದಲಾಗುವುದು ಕರಾವಳಿಯ ಮನೆಗಳಿಗೆ ಹೊಸದಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದಾಗ, 1,000 ಷೇರು ಇದ್ದವರಿಗೆ ಸಿಕ್ಕಿದ್ದು ಕೆನರಾದ 158 ಷೇರು. 2024ರ ಮೇ ತಿಂಗಳಲ್ಲಿ ಕೆನರಾ ಬ್ಯಾಂಕ್ ₹10ರ ಷೇರನ್ನು ₹2ರ ಐದು ಷೇರುಗಳಾಗಿ ವಿಭಜಿಸಿತು. ಆ 158 ಷೇರುಗಳು 790 ಆದವು. ಮೊದಲನೆಯದು ವಿಲೀನದ ವಿನಿಮಯ, ಎರಡನೆಯದು ವಿಭಜನೆ. ಎರಡೂ ಕ್ರೋಡೀಕರಣವಲ್ಲ. ಆದರೂ 1,000, 158, 790 ಎಂಬ ಅಂಕಿಗಳನ್ನು ಮಾತ್ರ ನೋಡಿ ಲಾಭವಾಯಿತೋ ನಷ್ಟವಾಯಿತೋ ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ.

ಮೌಲ್ಯ ಬದಲಾಗದಿದ್ದರೆ ಕಂಪನಿಗಳು ಇದನ್ನು ಮಾಡುವುದೇಕೆ? ಇಲ್ಲಿ ಭಾರತವನ್ನೂ ಹೊರದೇಶಗಳನ್ನೂ ಬೇರೆಯಾಗಿಯೇ ನೋಡಬೇಕು. ಅಮೆರಿಕದ ಷೇರುಪೇಟೆ ನ್ಯಾಸ್‌ಡ್ಯಾಕ್‌ನಲ್ಲಿ ಷೇರಿನ ಬೆಲೆ ಸತತ 30 ವಹಿವಾಟಿನ ದಿನ ಒಂದು ಡಾಲರಿಗಿಂತ ಕೆಳಗೆ ಉಳಿದರೆ ಕಂಪನಿಗೆ ನೋಟಿಸ್ ಬರುತ್ತದೆ. ಪಟ್ಟಿಯಿಂದ ಹೊರಬೀಳದಿರಲು ಕ್ರೋಡೀಕರಣವೇ ಹತ್ತಿರದ ದಾರಿ. ಕೆನಡಾದ ಟಿಎಸ್‌ಎಕ್ಸ್ ವೆಂಚರ್ ಪೇಟೆಯಲ್ಲಿ, ಸಾಮಾನ್ಯವಾಗಿ, ಐದು ಸೆಂಟಿಗಿಂತ ಕಡಿಮೆ ಬೆಲೆಗೆ ಹೊಸ ಷೇರು ನೀಡುವಂತಿಲ್ಲ. ಚಿನ್ನ, ತಾಮ್ರ ಹುಡುಕುವ ಸಣ್ಣ ಕಂಪನಿಗಳಿಗೆ ಆದಾಯವೇ ಇರುವುದಿಲ್ಲ. ನೆಲ ಕೊರೆಯುವ ಖರ್ಚಿಗೆ ಮತ್ತೆ ಮತ್ತೆ ಷೇರು ಮಾರಲೇಬೇಕು. ಬೆಲೆ ಎರಡು ಮೂರು ಸೆಂಟಿಗೆ ಕುಸಿದಾಗ ಅವು ಮೊದಲು ಷೇರುಗಳನ್ನು ಕೂಡಿಸುತ್ತವೆ, ಬೆನ್ನಿಗೇ ಹೊಸ ಹೂಡಿಕೆದಾರರಿಗೆ ಷೇರು ಮತ್ತು ವಾರಂಟ್ (ಮುಂದೆ ಗೊತ್ತಾದ ಬೆಲೆಗೆ ಷೇರು ಪಡೆಯುವ ಹಕ್ಕು) ಸೇರಿಸಿದ ‘ಯೂನಿಟ್’ಗಳನ್ನು ಮಾರುತ್ತವೆ. ಟೊರಾಂಟೊದಲ್ಲಿರುವ ನೆಂಟರ ಮಾತು ಕೇಳಿ ಇಂಥ ಷೇರು ಕೊಂಡ ಮಂಗಳೂರಿನವರು ಈ ಎರಡು ಪ್ರಕಟಣೆಗಳನ್ನು ಒಂದೇ ಪ್ರಕಟಣೆಯೆಂದು ಓದುವುದು ಒಳ್ಳೆಯದು.

ಭಾರತದಲ್ಲಿ ಸಂಗತಿ ಬೇರೆ. ಕಂಪನಿ ಕಾಯಿದೆ 2013ರ 61ನೇ ಸೆಕ್ಷನ್ ಕ್ರೋಡೀಕರಣಕ್ಕೆ ಅವಕಾಶ ಕೊಡುತ್ತದೆ. ಅದರಿಂದ ಷೇರುದಾರರ ಮತದಾನದ ಪ್ರಮಾಣ ಬದಲಾಗುವುದಾದರೆ ಕಂಪನಿ ನ್ಯಾಯಮಂಡಳಿಯ ಒಪ್ಪಿಗೆಯೂ ಬೇಕು. ಆದರೆ 53ನೇ ಸೆಕ್ಷನ್ ಪ್ರಕಾರ, ಸಾಲ ಪುನರ್ರಚನೆಯಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ, ಮುಖಬೆಲೆಗಿಂತ ಕಡಿಮೆಗೆ ಹೊಸ ಷೇರು ನೀಡುವಂತಿಲ್ಲ. ₹1 ಮುಖಬೆಲೆಯ ಷೇರು 60 ಪೈಸೆಗೆ ಬಿದ್ದಿದೆ ಎನ್ನಿ. ಹತ್ತನ್ನು ಒಂದು ಮಾಡಿದರೆ ಬೆಲೆ ₹6, ಮುಖಬೆಲೆ ₹10. ತೊಡಕು ಇದ್ದಲ್ಲೇ ಇದೆ. ಅದನ್ನು ಬಿಡಿಸಲು ಬೇಕಾದದ್ದು 66ನೇ ಸೆಕ್ಷನ್ನಿನ ಬಂಡವಾಳ ಕಡಿತ. ಅಲ್ಲಿ ಷೇರುದಾರರ ಬಂಡವಾಳವನ್ನೇ ನಷ್ಟಕ್ಕೆ ಹೊಂದಿಸಿ ಅಳಿಸುತ್ತಾರೆ. ‘ಹಣ ಎತ್ತುವುದಕ್ಕಾಗಿಯೇ ಕ್ರೋಡೀಕರಣ’ ಎಂದು ನಮ್ಮಲ್ಲಿ ಯಾರಾದರೂ ಹೇಳಿದರೆ ಈ ಲೆಕ್ಕವನ್ನು ಅವರ ಮುಂದಿಡಬಹುದು. ಪೆನ್ನಿ ಷೇರು, ಅಂದರೆ ತೀರಾ ಅಗ್ಗದ ಷೇರು, ಎಂಬ ಹೆಸರಿನಿಂದ ಪಾರಾಗುವ ಆಸೆ ಎಂದರೆ ಮಾತ್ರ ನಂಬಬಹುದು.

ಈಗ ನಿಜವಾದ ವಿಷಯಕ್ಕೆ ಬರೋಣ. ಮೇಲಿನ ₹2ರ ಕಂಪನಿಯಲ್ಲಿ ಒಟ್ಟು 50 ಕೋಟಿ ಷೇರುಗಳಿದ್ದವು ಎಂದುಕೊಳ್ಳಿ. 10,000 ಷೇರು ಇದ್ದವರ ಪಾಲು ಶೇ 0.002. ಕ್ರೋಡೀಕರಣದ ಬಳಿಕ 5 ಕೋಟಿಯಲ್ಲಿ 1,000, ಪಾಲು ಅಷ್ಟೇ. ಆಮೇಲೆ ಕಂಪನಿ ಆಯ್ದ ಕೆಲವರಿಗೆ, ₹20ರಂತೆ, ಇನ್ನೂ 5 ಕೋಟಿ ಷೇರು ಹಂಚುತ್ತದೆ. ಪೇಟೆಯಲ್ಲಿ ಇದರ ಹೆಸರು ಪ್ರಿಫರೆನ್ಷಿಯಲ್ ಅಲಾಟ್‌ಮೆಂಟ್. ಈಗ ಪಾಲು ಅರ್ಧಕ್ಕಿಳಿದು ಶೇ 0.001. ಪಾಲು ಕರಗಿತು ಎಂದು ಕೂಡಲೇ ಬೈಯಬೇಕಿಲ್ಲ. ಕಂಪನಿಗೆ ₹100 ಕೋಟಿ ಬಂದಿದೆ. ಬೆಲೆ ನ್ಯಾಯವಾಗಿದ್ದು, ಹಣ ಕೆಲಸಕ್ಕೆ ಬಿದ್ದರೆ, ದೊಡ್ಡದಾದ ಕಂಪನಿಯಲ್ಲಿ ಅರ್ಧ ಪಾಲು ನಷ್ಟವಲ್ಲ. ಅದೇ ಹಣ ಕಂಪನಿಯನ್ನು ಕಟ್ಟಿ ನಡೆಸುವ ಪ್ರವರ್ತಕರ ಬೇರೆ ಕಂಪನಿಗೆ ಸಾಲವಾಗಿ ಹರಿದುಹೋದರೆ ಹಳೆಯ ಷೇರುದಾರರಿಗೆ ಉಳಿಯುವುದು ಕರಗಿದ ಪಾಲು ಮಾತ್ರ.

ವಾರಂಟ್ ಬಗ್ಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮುಂದೊಂದು ದಿನ ಈಗಲೇ ಗೊತ್ತುಮಾಡಿದ ಬೆಲೆಗೆ ಷೇರು ಪಡೆಯುವ ಹಕ್ಕು ಅದು. ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ ಬೆಲೆಯ ಕನಿಷ್ಠ ಶೇ 25ನ್ನು ಮೊದಲೇ ಕಟ್ಟಬೇಕು. ಉಳಿದದ್ದಕ್ಕೆ 18 ತಿಂಗಳವರೆಗೆ ಗಡುವು. ₹20ರ ವಾರಂಟಿಗೆ ಇಂದು ₹5 ಕೊಟ್ಟವರು, ಬೆಲೆ ₹40 ಆದರೆ ₹15 ಸೇರಿಸಿ ಷೇರು ಪಡೆಯುತ್ತಾರೆ. ಬೆಲೆ ಬಿದ್ದರೆ ₹5 ಬಿಟ್ಟು ಎದ್ದುಹೋಗುತ್ತಾರೆ. ‘₹100 ಕೋಟಿ ಬಂತು’ ಎಂಬ ಸುದ್ದಿಯಲ್ಲಿ ಕೈಗೆ ಬಂದದ್ದು ₹25 ಕೋಟಿ ಮಾತ್ರವೇ ಆಗಿರಬಹುದು. ಪೇಟೆಯಲ್ಲಿ ಪೂರ್ಣ ಬೆಲೆ ತೆತ್ತ ಚಿಲ್ಲರೆ ಹೂಡಿಕೆದಾರರಿಗೆ ಈ ಸವಲತ್ತು ಇಲ್ಲ. ನನಗಂತೂ ಸಣ್ಣ ಕಂಪನಿಗಳ ವಾರಂಟ್ ಘೋಷಣೆಗಿಂತ ಎಲ್ಲ ಷೇರುದಾರರಿಗೂ ಅವರವರ ಪಾಲಿನಂತೆ ಅವಕಾಶ ಕೊಡುವ ಹಕ್ಕಿನ ಷೇರುಗಳೇ ಮರ್ಯಾದೆಯ ದಾರಿಯಾಗಿ ಕಾಣುತ್ತವೆ.

ಇದನ್ನೆಲ್ಲ ತಿಳಿಯುವುದು ಷೇರುದಾರರ ಸಭೆಯ ನೋಟಿಸಿನಿಂದ. ಸಾಮಾನ್ಯವಾಗಿ 21 ದಿನ ಮೊದಲು ಇಮೇಲ್‌ಗೆ ಬರುತ್ತದೆ, ಹೆಚ್ಚಿನವರು ತೆರೆಯುವುದೇ ಇಲ್ಲ. ಅದರ ವಿವರಣಾ ಭಾಗದಲ್ಲಿ ಹಣ ಯಾತಕ್ಕೆ, ಷೇರು ಯಾರಿಗೆ, ಹಂಚಿಕೆಗೆ ಮುಂಚೆ ಮತ್ತು ಬಳಿಕ ಯಾರ ಪಾಲು ಎಷ್ಟು ಎಂಬುದು ಇರಲೇಬೇಕು. ಷೇರು ಪಡೆಯುವುದು ಒಂದು ಸಂಸ್ಥೆಯಾದರೆ ಅದರ ಹಿಂದಿರುವ ವ್ಯಕ್ತಿಗಳು ಯಾರು ಎಂಬುದನ್ನೂ ಹೇಳಬೇಕು. ಹೆಚ್ಚು ವಹಿವಾಟಿರುವ ಷೇರಿಗೆ ಕನಿಷ್ಠ ಬೆಲೆಯೆಂದರೆ ಹಿಂದಿನ 90 ಮತ್ತು 10 ವಹಿವಾಟಿನ ದಿನಗಳ ಸರಾಸರಿಗಳಲ್ಲಿ ಹೆಚ್ಚಿನದು. ಒಬ್ಬರಿಗೋ ಒಟ್ಟಾಗಿ ವರ್ತಿಸುವ ಗುಂಪಿಗೋ ಹಂಚಿಕೆಯ ನಂತರದ ಬಂಡವಾಳದ ಶೇ 5ಕ್ಕಿಂತ ಹೆಚ್ಚು ಹೋಗುವುದಾದರೆ ಸ್ವತಂತ್ರ ಮೌಲ್ಯಮಾಪಕರ ವರದಿ ಬೇಕು. ಇಂಥ ಹಂಚಿಕೆಗೆ ವಿಶೇಷ ನಿರ್ಣಯ ಅಗತ್ಯ, ಅಂದರೆ ಚಲಾವಣೆಯಾದ ಮತಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಪರವಾಗಿರಬೇಕು. ಸಭೆ ಮುಂಬೈಯಲ್ಲೇ ನಡೆಯಲಿ, ಪಟ್ಟಿಯಾದ ಕಂಪನಿಯಲ್ಲಿ ಉಡುಪಿಯ ಮನೆಯಿಂದಲೇ ಇ-ಮತ ಹಾಕಬಹುದು. ಪ್ರವರ್ತಕರ ಕೈಯಲ್ಲಿ ಶೇ 40 ಇರುವ ಕಡೆ ಸಣ್ಣವರೂ ಸಂಸ್ಥೆಗಳೂ ಸೇರಿ ಬೇಡವೆಂದರೆ ನಿರ್ಣಯ ಬೀಳುತ್ತದೆ.

ಕ್ರೋಡೀಕರಣವಾದ ಕಂಪನಿ ಮುಳುಗಿಯೇ ತೀರುತ್ತದೆ ಎಂದಲ್ಲ. 2011ರಲ್ಲಿ ಸಿಟಿಗ್ರೂಪ್ ಹತ್ತನ್ನು ಒಂದು ಮಾಡಿ ಸುಮಾರು ನಾಲ್ಕೂವರೆ ಡಾಲರಿನ ಷೇರನ್ನು 45ರ ಆಸುಪಾಸಿಗೆ ತಂದಿತು. ಬ್ಯಾಂಕು ಇಂದಿಗೂ ಇದೆ. ಆದರೆ ಅದಕ್ಕೆ ಆದಾಯವಿತ್ತು.

ಉಳಿದಿರುವುದು ಚಿಲ್ಲರೆ ಲೆಕ್ಕ. 1,007 ಷೇರು ಇದ್ದವರಿಗೆ 100 ಷೇರು ಬರುತ್ತದೆ. ಬಾಕಿ 7ರ ತುಣುಕುಗಳನ್ನು ಸಾಮಾನ್ಯವಾಗಿ ಟ್ರಸ್ಟಿಯೊಬ್ಬರು ಒಟ್ಟುಗೂಡಿಸಿ ಮಾರಿ ಹಣವನ್ನು ಹಂಚುತ್ತಾರೆ. ಐಎಸ್‌ಐಎನ್ ಸಂಖ್ಯೆ (ಷೇರಿನ ಗುರುತಿನ ಸಂಖ್ಯೆ) ಬದಲಾಗುವುದರಿಂದ ಹೊಸ ಷೇರು ಖಾತೆಯಲ್ಲಿ ಕಾಣಿಸಲು ಕೆಲವು ದಿನ ಹಿಡಿಯಬಹುದು. ತೆರಿಗೆಗೆ ಹಳೆಯ ಖರೀದಿ ವೆಚ್ಚವೇ ಆಧಾರ: ₹6ರಂತೆ ಕೊಂಡ 10,000 ಷೇರಿಗೆ ಹಾಕಿದ ₹60,000 ಈಗ 1,000 ಷೇರುಗಳ ಮೇಲೆ ಹಂಚಿಹೋಗಿ ಒಂದಕ್ಕೆ ₹60 ಆಗುತ್ತದೆ. ದಲ್ಲಾಳಿಯ ಆ್ಯಪ್ ಇನ್ನೂ ₹6 ಎಂದೇ ತೋರಿಸುತ್ತಾ ₹20ರ ಷೇರಿನಲ್ಲಿ ಭಾರಿ ಲಾಭ ಎಂದು ಹಸಿರು ಬಣ್ಣ ಬಳಿದಿದ್ದರೆ, ಖರೀದಿ ಬೆಲೆಯನ್ನು ತಿದ್ದಿಸಿಕೊಳ್ಳಬೇಕು.