ದಾಳಿ ಮುಗಿದ ಮೇಲೆ ಬಂದ ಚಿತ್ರಕಾರ

ಕ್ಯಾಮೆರಾ ಇನ್ನೂ ಅಪರೂಪವಾಗಿದ್ದ ಕಾಲದ ಯುದ್ಧಚಿತ್ರಗಳನ್ನು ಎಷ್ಟು ನಂಬಬೇಕು? 'ಕಣ್ಣಾರೆ ಕಂಡು ಬರೆದದ್ದು' ಅನ್ನುವವರಿದ್ದಾರೆ, 'ಎಲ್ಲಾ ಕಟ್ಟುಕಥೆ' ಅನ್ನುವವರೂ ಇದ್ದಾರೆ. ಬ್ರಿಟಿಷ್ ಚಿತ್ರಕಾರ ವಿಲಿಯಂ ಸಿಂಪ್ಸನ್‌ನ ಚಿತ್ರಗಳಲ್ಲಿ ಎರಡೂ ಇವೆ.

ಸಿಂಪ್ಸನ್ 1823ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ. ಬಡವರ ಮನೆಯ ಹುಡುಗ. ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ಹಾಕುವ ಕಲ್ಲಚ್ಚಿನ ಕೆಲಸ ಕಲಿತು ಲಂಡನ್ ಸೇರಿದ. 1854ರಲ್ಲಿ ಕೊಲ್ನಾಗಿ ಎಂಬ ಚಿತ್ರ ಮಾರುವ ಸಂಸ್ಥೆ ಅವನನ್ನು, ಬ್ರಿಟನ್ ರಷ್ಯಾದ ಜೊತೆ ಯುದ್ಧ ಮಾಡುತ್ತಿದ್ದ ಕ್ರಿಮಿಯಾಕ್ಕೆ ಕಳಿಸಿತು. ಅವನು ಅಲ್ಲಿನ ಬಂದರು ಬಾಲಕ್ಲಾವಾ ಮುಟ್ಟಿದ್ದು ನವೆಂಬರ್ ಮಧ್ಯದಲ್ಲಿ. ಸುಮಾರು 670 ಬ್ರಿಟಿಷ್ ಸವಾರರು ರಷ್ಯನ್ ಫಿರಂಗಿಗಳ ಬಾಯಿಗೆ ನುಗ್ಗಿದ್ದ ದಾಳಿ ನಡೆದದ್ದು ಅಕ್ಟೋಬರ್ 25ಕ್ಕೆ!

ಆದರೂ ಆ ದಾಳಿಯ ಚಿತ್ರ ಬೇಕೇ ಬೇಕಿತ್ತು. ಬದುಕಿ ಉಳಿದವರನ್ನು ಕೇಳಿ ಕೇಳಿ ಬರೆದ. ದಾಳಿಯ ಮುಂದಾಳು ಲಾರ್ಡ್ ಕಾರ್ಡಿಗನ್‌ಗೆ ತೋರಿಸಿದರೆ, ಸರಿಯಿಲ್ಲ ಅಂದರು. ತಿದ್ದಿ ತಂದರೂ ಒಪ್ಪಲಿಲ್ಲ. ಮೂರನೇ ಸಲ ಮೆಚ್ಚಿದರು. ಈ ಸಲ ಅವರನ್ನೇ ಮುಂದೆ ಎದ್ದು ಕಾಣುವ ಹಾಗೆ ಬರೆದಿದ್ದೆ ಎಂದು ಸಿಂಪ್ಸನ್ನೇ ಮುಂದೆ ಹೇಳಿಕೊಂಡಿದ್ದಾನೆ. ಯಾರನ್ನು ದೂರೋಣ? ಬರೆಯುವವನಿಗೂ ಸೇನೆಯ ದೊಡ್ಡವರ ಒಪ್ಪಿಗೆ ಬೇಕಿತ್ತು, ಅಲ್ವಾ?

ನನಗೆ ಜಾಸ್ತಿ ನಂಬಿಕೆ ಬರುವುದು ಇನ್ನೊಂದು ಚಿತ್ರದ ಮೇಲೆ. ಮಳೆಯ ಹೊತ್ತು, ಬಾಲಕ್ಲಾವಾದಿಂದ, ಮುತ್ತಿಗೆಗೆ ಸಿಕ್ಕಿದ್ದ ರಷ್ಯನ್ ಕೋಟೆ ಸೆವಾಸ್ತೊಪೋಲಿಗೆ ಹೋಗುವ ದಾರಿ. ಕೆಸರಲ್ಲಿ ಹೂತ ಗಾಡಿಗಳು, ಬಿದ್ದ ಪ್ರಾಣಿಗಳು. ಇದು ಅವನು ಖುದ್ದಾಗಿ ಕಂಡದ್ದು. ಮರುವರ್ಷ ರೋಜರ್ ಫೆಂಟನ್ ಕ್ಯಾಮೆರಾ ಹೊತ್ತು ಬಂದರೂ ಅದಕ್ಕೆ ಅಲುಗಾಡದ ವಸ್ತುವೇ ಬೇಕಿತ್ತು. ಓಡುವ ಕುದುರೆ ಸಿಗುತ್ತಿರಲಿಲ್ಲ.

ಸ್ಥಳದಲ್ಲಿ ಬರೆದದ್ದೂ ಹಾಗೇ ಜನರ ಕೈ ಸೇರುತ್ತಿರಲಿಲ್ಲ. ಲಂಡನ್ನಿನಲ್ಲಿ ಬೇರೆ ಕೈಗಳು ಅದನ್ನು ಕಲ್ಲಿನ ಮೇಲೆ ಮತ್ತೆ ಬರೆಯುತ್ತಿದ್ದವು. ಹೀಗೆ 1855–56ರಲ್ಲಿ 81 ಚಿತ್ರಗಳು ಹೊರಬಂದವು. ಪತ್ರಿಕೆಗಳದ್ದು ಇನ್ನೂ ಉದ್ದದ ದಾರಿ. ಮರದ ತುಂಡುಗಳನ್ನು ಹಂಚಿಕೊಂಡು ಹಲವರು ಕೊರೆದು, ಕೊನೆಗೆ ಜೋಡಿಸುತ್ತಿದ್ದರು. ಗೆರೆ ಯಾರದ್ದು, ಯಾರು ಹೇಳಬೇಕು?

ಆಮೇಲೆ ಅಬಿಸೀನಿಯಾ (ಇಂದಿನ ಇಥಿಯೋಪಿಯಾ), ಪ್ಯಾರಿಸ್, ಅಫ್ಘಾನಿಸ್ತಾನ ಅಂತ ಸುತ್ತುತ್ತಲೇ ಇದ್ದ. ಕೊರಗಾಗಿ ಉಳಿದದ್ದು ಭಾರತದ ಕೆಲಸ. 1857ರ ದಂಗೆ ಅಡಗಿದ ಮೇಲೆ, 1859ರಲ್ಲಿ ಬಂದು ಸುಮಾರು ಮೂರು ವರ್ಷ ತಿರುಗಿದ. ಊರಿಗೆ ಮರಳಿ 250 ಚಿತ್ರ ಸಿದ್ಧಮಾಡಿದ. ಅಷ್ಟರಲ್ಲಿ ಅವನನ್ನು ಭಾರತಕ್ಕೆ ಕಳಿಸಿದ್ದ ಪ್ರಕಾಶಕರೇ ದಿವಾಳಿಯಾದರು. 1867ರಲ್ಲಿ ಅಚ್ಚಾದದ್ದು ಬರೀ 50. ಅವನ ಮೂಲಚಿತ್ರಗಳು ದಿವಾಳಿ ಅಂಗಡಿಯ ಸರಕಿನ ಜೊತೆ ಮಾರಾಟವಾದವು.