ಹಳೇ ಡಬ್ಬದ ಡಯಾಜಿನಾನ್ ಲಾನ್‌ಗೆ ಹಾಕಬಹುದಾ?

ಚಿಂತಾಮಣಿ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ತೋಟದ ಮನೆ ಮುಂದಿನ ಲಾನ್ ಅಲ್ಲಲ್ಲಿ ಒಣಗ್ತಾ ಇದೆ. ಹುಲ್ಲು ಎಳೆದರೆ ಚಾಪೆ ಥರ ಎದ್ದು ಬರುತ್ತೆ, ಅಡಿಯಲ್ಲಿ ಬಿಳಿ ಹುಳ. ಪಂಪ್‌ಹೌಸ್‌ನಲ್ಲಿ ಅಪ್ಪ ಯಾವ ಕಾಲದಲ್ಲೋ ತಂದಿಟ್ಟ ಡಯಾಜಿನಾನ್ ಕೀಟನಾಶಕದ ಡಬ್ಬ ಸಿಕ್ತು. ಪವರ್ ಹೋಗಿರುತ್ತೆ, ಸ್ವಲ್ಪ ಜಾಸ್ತಿ ಹಾಕಿದ್ರೆ ಆಗುತ್ತಲ್ವಾ?"

ಬೇಡ. ಮುಚ್ಚಳ ಕೂಡ ತೆಗೆಯಬೇಡಿ.

ಎಡವಟ್ಟಿರೋದೇ ಆ "ಪವರ್ ಹೋಗಿರುತ್ತೆ" ಅನ್ನೋದರಲ್ಲಿ. ನಾವು ಹೊಲಕ್ಕೆ ಹೊಡೆಯೋ ವಿಷಕ್ಕೂ ಔಷಧಿ ಅಂತಲೇ ಅನ್ನುತ್ತೇವೆ, ಹಾಗಾಗಿ ಡೇಟ್ ಮುಗಿದ ಮಾತ್ರೆಯ ಹಾಗೆ ಇದೂ ಸಪ್ಪೆಯಾಗಿರುತ್ತೆ ಅಂದುಕೊಳ್ಳುತ್ತೇವೆ. ಡಯಾಜಿನಾನ್ ವಿಷಯದಲ್ಲಿ ಉಲ್ಟಾ ಆಗಬಹುದು. ತುಕ್ಕು ಹಿಡಿದ ಮುಚ್ಚಳದ ಸಂದಿಯಿಂದ ಒಂಚೂರು ನೀರಿನ ಪಸೆ ಒಳಗೆ ಹೋದರೆ ಸಾಕು, ಅದು ಒಡೆದು ಸಲ್ಫೋಟೆಪ್‌ನಂಥ ವಸ್ತುಗಳಾಗುತ್ತದೆ. ಇವು ಮೊದಲಿನದಕ್ಕಿಂತ ಎಷ್ಟೋ ಪಟ್ಟು ಘೋರ.

ಡಯಾಜಿನಾನ್ ಆರ್ಗನೋಫಾಸ್ಫೇಟ್ ಅನ್ನೋ ಜಾತಿಯ ವಿಷ. ನರದಿಂದ ಹೋದ ಸಂದೇಶವನ್ನು ಆಮೇಲೆ ಅಳಿಸಲು ಮೈಯಲ್ಲಿ ಅಸಿಟೈಲ್‌ಕೋಲಿನೆಸ್ಟರೇಸ್ ಅನ್ನೋ ಕಿಣ್ವ ಇರುತ್ತದೆ, ವಿಷ ಅದರ ಕೈ ಕಟ್ಟಿಹಾಕುತ್ತದೆ. ಆಮೇಲೆ ನರಗಳು ನಿಲ್ಲೋದೇ ಇಲ್ಲ: ಜೊಲ್ಲು, ಬೆವರು, ವಾಂತಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣ, ಕೊನೆಗೆ ಉಸಿರಿಗೇ ತೊಂದರೆ. ಹಾಗೇನಾದರೂ ಕಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಅಟ್ರೋಪಿನ್ ಅನ್ನೋ ಪ್ರತಿಮದ್ದು ಕೊಡಬೇಕಾಗುತ್ತದೆ.

ಹುಳಕ್ಕಿರೋ ಕಿಣ್ವವೇ ಹಕ್ಕಿಗೂ ಇದೆ. ಒಂದು ಕಾಲಕ್ಕೆ ಅಮೆರಿಕದಲ್ಲಿ ಗಾಲ್ಫ್ ಮೈದಾನಗಳಿಗೆ ಡಯಾಜಿನಾನ್ ಹಾಕುತ್ತಿದ್ದರು. 1984ರಲ್ಲಿ ನ್ಯೂಯಾರ್ಕ್ ಹತ್ತಿರದ ಒಂದು ಮೈದಾನದಲ್ಲಿ ಹುಲ್ಲು ಮೇಯಲು ಬಂದ ಸುಮಾರು 700 ಬ್ರಾಂಟ್ ಬಾತುಗಳು ಸತ್ತವು. ಅದೇ ದಶಕದಲ್ಲಿ ಗಾಲ್ಫ್ ಮೈದಾನಗಳಲ್ಲಿ ಇದನ್ನು ನಿಲ್ಲಿಸಲು ಅಲ್ಲಿನ ಸರ್ಕಾರ ಹೊರಟಿತು, 2004ರ ಕೊನೆಗೆ ಮನೆಯಂಗಳದ ಬಳಕೆಗೂ ಮಾರಾಟ ನಿಂತಿತು. ಹರಳಿನ ರೂಪದ್ದಾದರೆ ಹಕ್ಕಿಗಳು ಕಲ್ಲುಚೂರು ಅಂತ ನುಂಗಿಬಿಡುತ್ತವೆ. ನಿಮ್ಮ ಲಾನ್‌ಗೆ ಬೆಳಗ್ಗೆ ಹುಳ ಹೆಕ್ಕಲು ಬರೋ ಗೊರವಂಕಗಳನ್ನ ನೆನೆಸಿಕೊಳ್ಳಿ. ನಮ್ಮಲ್ಲೂ ಆಗಸ್ಟ್ 2018ರಲ್ಲಿ ಇದು ನಿಷೇಧವಾಯಿತು, ಆಲೂಗಡ್ಡೆಗೆ ಹಾಕುತ್ತಿದ್ದ ಇದರ ಅಣ್ಣತಮ್ಮನಂಥ ಫೋರೇಟ್ 2020ರ ಕೊನೆಗೆ.

ಡಬ್ಬವನ್ನು ಕೈಗವಸು ಹಾಕಿಕೊಂಡು, ನೆಟ್ಟಗೆ ನಿಲ್ಲಿಸಿ, ದಪ್ಪ ಬಕೆಟ್ ಒಳಗಿಟ್ಟು ಬೀಗ ಹಾಕಿ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಚರಂಡಿಗೆ, ಕೆರೆಗೆ ಸುರಿಯಬೇಡಿ. ಗುಜರಿಯವನಿಗೂ ಕೊಡಬೇಡಿ, ಅವನು ಅದನ್ನು ತೊಳೆದು ಯಾರಿಗೋ ನೀರು ತುಂಬೋಕೆ ಮಾರಿಬಿಟ್ಟಾನು.

ಇನ್ನು ಹುಳ. ಇಂಗ್ಲಿಷಿನ ಸಿ ಅಕ್ಷರದ ಹಾಗೆ ಮುದುರಿಕೊಂಡು, ತಲೆ ಕಂದಾಗಿದ್ದರೆ ಅದು ಗೊಣ್ಣೆ ಹುಳ. ನಾಲ್ಕೈದು ಕಡೆ ಒಂದೊಂದು ಚದರಡಿ ಹುಲ್ಲು ಎತ್ತಿ ನೋಡಿ, ಒಂದೆರಡೇ ಸಿಕ್ಕರೆ ಕೈಯಲ್ಲೇ ಆರಿಸಿ. ಜಾಸ್ತಿ ಇದ್ದರೆ ಹುಳಕ್ಕೆ ರೋಗ ತಂದು ಸಾಯಿಸೋ ಮೆಟಾರೈಜಿಯಂ ಶಿಲೀಂಧ್ರವನ್ನು ಚೆನ್ನಾಗಿ ಕೊಳೆತ ಗೊಬ್ಬರದ ಜೊತೆ ಬೆರೆಸಿ, ಮಣ್ಣು ಹಸಿಯಿದ್ದಾಗ ಹಾಕಿ. ಇದು ನಿಧಾನ, ನಾಳೆ ಬೆಳಗ್ಗೆಗೆ ಹುಳ ಸತ್ತಿರಲ್ಲ. ಮುಂದಿನ ವರ್ಷ ಮೊದಲ ಮಳೆ ಬಿದ್ದ ಸಂಜೆ ತೋಟದ ಬೇವಿನ ಮರದ ಕೆಳಗೆ ಬಟ್ಟೆ ಹಾಸಿ ಕೊಂಬೆ ಅಲ್ಲಾಡಿಸಿ. ಈ ಹುಳದ ಅಪ್ಪ ಅಮ್ಮ, ಅಂದರೆ ಕಂದು ದುಂಬಿಗಳು, ಆಗ ಎಲೆ ತಿನ್ನಲು ಅಲ್ಲೇ ಸೇರಿರುತ್ತವೆ. ಉದುರಿದ್ದನ್ನೆಲ್ಲ ಸೀಮೆಎಣ್ಣೆ ಹಾಕಿದ ನೀರಿನ ಬಕೆಟ್‌ಗೆ ಸುರಿಯಿರಿ.