ಅಣು ಅಪಘಾತವಾದರೆ ಪಕ್ಕದ ದೇಶಕ್ಕೆ ಸುದ್ದಿ ಮುಟ್ಟುವುದು ಹೇಗೆ?

1986ರ ಏಪ್ರಿಲ್ 28, ಸೋಮವಾರ ಬೆಳಿಗ್ಗೆ. ಸ್ವೀಡನ್ನಿನ ಫೋರ್ಸ್‌ಮಾರ್ಕ್ ಅಣು ವಿದ್ಯುತ್ ಸ್ಥಾವರದಲ್ಲಿ ನೌಕರನೊಬ್ಬ ವಿಕಿರಣ ತಪಾಸಣೆ ಯಂತ್ರ ದಾಟುವಾಗ ಅಲಾರಂ ಹೊಡೆದುಕೊಂಡಿತು. ವಿಕಿರಣದ ಧೂಳು ಅಂಟಿದ್ದು ಅವನ ಶೂಗೆ. ತಮ್ಮಲ್ಲೇ ಏನೋ ಸೋರಿದೆ ಎಂದು ಸ್ಥಾವರದವರು ಗಾಬರಿಯಾದರು. ಆದರೆ ಆ ಧೂಳು ಬಂದಿದ್ದು ಸುಮಾರು 1,100 ಕಿಲೋಮೀಟರ್ ದೂರದ, ಆಗಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣು ಸ್ಥಾವರದಿಂದ. ಅಲ್ಲಿ ರಿಯಾಕ್ಟರ್ ಸಿಡಿದು ಆಗಲೇ ಎರಡು ದಿನ ಕಳೆದಿತ್ತು. ಸೋವಿಯತ್ ಸರ್ಕಾರ ಬಾಯಿಬಿಟ್ಟಿದ್ದು ಅವತ್ತು ರಾತ್ರಿ, ಅದೂ ನಾಲ್ಕೈದು ವಾಕ್ಯದಲ್ಲಿ.

ಎರಡು ದಿನ ತಡವಾದರೆ ಅಷ್ಟೊಂದು ನಷ್ಟವೇ? ಹೌದು. ಸೋರಿಕೆಯಲ್ಲಿ ಹೊರಬರುವ ವಿಕಿರಣ ಸೂಸುವ ಅಯೋಡಿನ್-131 ಹುಲ್ಲಿನ ಮೇಲೆ ಬೀಳುತ್ತದೆ, ಹಸು ಮೇಯುತ್ತದೆ, ಹಾಲಿನಲ್ಲಿ ಬಂದು ಮಕ್ಕಳ ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಸೇರುತ್ತದೆ. ಎಂಟು ದಿನಕ್ಕೊಮ್ಮೆ ಅದು ಅರ್ಧಕ್ಕೆ ಇಳಿಯುವುದರಿಂದ ಅಪಾಯ ಜಾಸ್ತಿ ಇರುವುದು ಮೊದಲ ದಿನಗಳಲ್ಲೇ. ಮೊದಲೇ ಗೊತ್ತಾದರೆ ಹಸುಗಳನ್ನು ಕೊಟ್ಟಿಗೆಯಲ್ಲೇ ಕಟ್ಟಿ ಒಣಮೇವು ಹಾಕಬಹುದು, ಹಾಲು ತಡೆಯಬಹುದು. ವಿಕಿರಣದ ಅಯೋಡಿನ್ ಥೈರಾಯ್ಡ್ ಸೇರದಂತೆ ತಡೆಯುವ ಸಾಮಾನ್ಯ ಅಯೋಡಿನ್ ಮಾತ್ರೆಯಂತೂ ವಿಷಗಾಳಿ ಬರುವ ಮುಂಚೆ ಅಥವಾ ಬಂದ ಕೆಲವೇ ಗಂಟೆಗಳಲ್ಲಿ ನುಂಗಿದರೆ ಮಾತ್ರ ಸರಿಯಾಗಿ ಕೆಲಸ ಮಾಡುವುದು.

ಅದೇ ವರ್ಷ ಸೆಪ್ಟೆಂಬರ್ 26ರಂದು ವಿಯೆನ್ನಾದಲ್ಲಿ ಶೀಘ್ರ ಸೂಚನೆಯ ಒಪ್ಪಂದ ಸಿದ್ಧವಾಯಿತು. ಅಕ್ಟೋಬರ್ 27ಕ್ಕೆ ಜಾರಿಗೂ ಬಂತು. ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಇದು ಬಹಳ ವೇಗ. ಭಾರತವೂ ಇದರಲ್ಲಿದೆ. ಅಪಘಾತ ಎಲ್ಲಿ, ಯಾವಾಗ ಆಯಿತು, ಏನು ಎಷ್ಟು ಸೋರಿತು, ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದನ್ನು ತಡಮಾಡದೆ ನೇರವಾಗಿ ಅಥವಾ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮೂಲಕ ತಿಳಿಸಬೇಕು. ಸಂಸ್ಥೆಯ ತುರ್ತು ಕೇಂದ್ರ ಹಗಲು ರಾತ್ರಿ ತೆರೆದಿರುತ್ತದೆ. ವಿಕಿರಣದ ಮೋಡ ಎತ್ತ ಸಾಗುತ್ತದೆ ಎಂಬ ಲೆಕ್ಕ ವಿಶ್ವ ಹವಾಮಾನ ಸಂಸ್ಥೆಯ ಕೇಂದ್ರಗಳದ್ದು.

ಪರೀಕ್ಷೆಗೆ ಓದುವವರು ಇಲ್ಲಿ ಸ್ವಲ್ಪ ನಿಲ್ಲಿ. ಗಡಿ ದಾಟಿ ಇನ್ನೊಂದು ದೇಶಕ್ಕೆ ತೊಂದರೆ ಆಗಬಹುದಾದ ಸೋರಿಕೆಗೆ ಮಾತ್ರ ಈ ಕಡ್ಡಾಯ. ಹಾಗೆ ಆಗಬಹುದಾ ಇಲ್ಲವಾ ಎಂದು ಮೊದಲು ತೂಗಿ ನೋಡುವವರು ಅಪಘಾತವಾದ ದೇಶದವರೇ! ಅಣ್ವಸ್ತ್ರದ ಅಪಘಾತವನ್ನು ತಿಳಿಸುವುದಂತೂ ಅವರವರ ಇಚ್ಛೆ. ನನ್ನ ಪ್ರಕಾರ ಒಪ್ಪಂದದ ದೊಡ್ಡ ದೌರ್ಬಲ್ಯ ಇದೇ. 2017ರ ಶರತ್ಕಾಲದಲ್ಲಿ ಯುರೋಪಿನ ಹಲವು ದೇಶಗಳ ಗಾಳಿಯಲ್ಲಿ ರುಥೇನಿಯಂ-106 ಎಂಬ ವಿಕಿರಣ ಸೂಸುವ ವಸ್ತು ಸಿಕ್ಕಿತು. ಆರೋಗ್ಯಕ್ಕೆ ಅಪಾಯವಾಗುವಷ್ಟು ಇರಲಿಲ್ಲ, ನಿಜ. ವಿಜ್ಞಾನಿಗಳ ಲೆಕ್ಕ ರಷ್ಯಾದ ದಕ್ಷಿಣ ಉರಲ್ ಕಡೆ ಬೆರಳು ಮಾಡಿತು. ರಷ್ಯಾ ಒಪ್ಪಲಿಲ್ಲ. ಅಲ್ಲೂ ಸುಳಿವು ಕೊಟ್ಟಿದ್ದು ಗಾಳಿ ಸೋಸುವ ಫಿಲ್ಟರ್‌ಗಳೇ, ಯಾವ ದೇಶದ ಸೂಚನೆಯೂ ಅಲ್ಲ.